ಆಮೆಯ ಬೆಲೆ ಇಳಿಯಿತು, ತೆತ್ತವರು ಯಾರು?

ಗಾಜಿನ ತೊಟ್ಟಿಯಲ್ಲಿ ಆಮೆ ಸಾಕುವುದು ಒಂದು ಕಾಲಕ್ಕೆ ಬೆಂಗಳೂರಿನ ಸಿರಿವಂತರ ಮನೆಯ ಷೋಕಿಯಾಗಿತ್ತು. ಹಸಿರು ಚಿಪ್ಪು, ಕಣ್ಣಿನ ಹಿಂದೆ ಕೆಂಪು ಪಟ್ಟೆ, ಅಂಗೈಯಲ್ಲಿ ನಾಲ್ಕು ಹಿಡಿಯುವಷ್ಟು ಪುಟ್ಟ ಮರಿ. ಹೊರದೇಶದಿಂದ ಬಂದದ್ದು ಎಂಬ ಹೆಸರಿನಿಂದಲೇ ಅದಕ್ಕೆ ಬೆಲೆ ಇತ್ತು. ಈಗ ಆ ಮಾತಿಲ್ಲ. ನಮ್ಮಂಥ ಜಿಲ್ಲಾ ಊರುಗಳ ಬಣ್ಣದ ಮೀನಿನ ಅಂಗಡಿಗೂ ಅದು ಬಂದು ಕೂತಿದೆ; ಜಾತ್ರೆಯ ಆಟಿಕೆಯಂತೆ ಮಾರಾಟವಾಗುತ್ತಿದೆ.

ಪೇಟೆಯ ಸಣ್ಣ ವ್ಯಾಪಾರಿಯೊಬ್ಬರು ಮೊನ್ನೆ ನಮ್ಮನ್ನು ಕೇಳಿದರು: "ಬೆಲೆ ಇಳಿದದ್ದು ಒಳ್ಳೆಯದಲ್ಲವೇ ಸ್ವಾಮಿ? ದೊಡ್ಡವರ ಮನೆಯ ಮಗು ಆಡುತ್ತಿದ್ದ ವಸ್ತುವಿನಲ್ಲಿ ಗಿರಣಿ ಕೂಲಿಯವನ ಮಗುವೂ ಆಡುವ ಕಾಲ ಬಂತು. ಇದು ಸಮಾನತೆಯಲ್ಲವೇ?"

ಪ್ರಶ್ನೆ ತಮಾಷೆಯದಲ್ಲ. ಬೆಲೆ ಇಳಿಯಲಿ ಎಂದು ದಿನವೂ ಕೂಗುವವರು ನಾವು. ಅಕ್ಕಿಯ ಬೆಲೆ, ಎಣ್ಣೆಯ ಬೆಲೆ, ಮಗುವಿನ ಔಷಧದ ಬೆಲೆ ಇಳಿಯಬೇಕು ಎನ್ನುವವರು ಆಮೆಯ ಬೆಲೆ ಇಳಿದಾಗ ಮುಖ ಗಂಟಿಕ್ಕುವುದೇಕೆ? ಈ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುವುದು ಈ ವಾರ ನಮ್ಮ ಕರ್ತವ್ಯ.

ಮೊದಲು ಒಂದು ಮಾತು. ಬೆಲೆ ಇಳಿಯುವುದರಲ್ಲಿ ಎರಡು ಬಗೆಯುಂಟು. ತಯಾರಿಸುವ ಶ್ರಮ ಕಡಿಮೆಯಾಗಿ, ನಡುವಿನ ಲಾಭಬಡುಕನ ಪಾಲು ಕಡಿಮೆಯಾಗಿ ಇಳಿಯುವುದು ಒಂದು ಬಗೆ. ಅದು ಜನರ ಗೆಲುವು. ಖರ್ಚು ಹಾಗೆಯೇ ಉಳಿದು, ಅದನ್ನು ಹೊರುವ ಹೆಗಲು ಮಾತ್ರ ಬದಲಾಗುವುದು ಇನ್ನೊಂದು ಬಗೆ. ಅಂಗಡಿಯ ಚೀಟಿಯಲ್ಲಿ ಬೆಲೆ ಇಳಿದಿರುತ್ತದೆ. ಇಳಿದ ಭಾರ ಕಾಣದ ಇನ್ನೊಬ್ಬನ ಬೆನ್ನಿನ ಮೇಲೆ ಕೂತಿರುತ್ತದೆ. ಕೋಲಾರದ ಜನಕ್ಕೆ ಇದನ್ನು ಹೇಳಿಕೊಡಬೇಕಾಗಿಲ್ಲ. 2023ರ ಜುಲೈನಲ್ಲಿ ನಮ್ಮ ಮಂಡಿಯಲ್ಲಿ 15 ಕಿಲೋ ಟೊಮೇಟೋ ಬಾಕ್ಸು 2000 ರೂಪಾಯಿ ದಾಟಿದಾಗ ದೇಶವೆಲ್ಲಾ ಕೋಲಾರದ ಹೆಸರು ಹೇಳಿತು. ಎರಡು ತಿಂಗಳಿಗೆ ಬೆಲೆ ನೆಲಕಚ್ಚಿದಾಗ ಯಾರೂ ಇತ್ತ ತಿರುಗಿ ನೋಡಲಿಲ್ಲ. 2025ರ ಜೂನ್‌ನಲ್ಲಿ ಶ್ರೀನಿವಾಸಪುರದ ತೋತಾಪುರಿ ಮಾವು ಕೇಳುವವರಿಲ್ಲದೆ ಕುಸಿಯಿತು; ಅದರ ಮೇಲೆ ಚಿತ್ತೂರು ಜಿಲ್ಲೆಯ ಆಡಳಿತ ಕರ್ನಾಟಕದ ಕಾಯಿ ಒಳಗೆ ಬರಬಾರದೆಂದು ಗಡಿಯಲ್ಲಿ ತಡೆಯಿತು. ಬೆಲೆ ಇಳಿದಾಗ ಮಂಡಿಯ ಕಮಿಷನ್ ದರ ಇಳಿಯಿತೇ? ಲಾರಿ ಬಾಡಿಗೆ ಇಳಿಯಿತೇ? ಸಾಲದ ಬಡ್ಡಿ ಇಳಿಯಿತೇ? ಇಳಿದದ್ದು ಬೆಳೆದವನ ಕೈಗೆ ಬಂದ ದುಡ್ಡು ಮಾತ್ರ.

ಆಮೆಯ ಬೆಲೆಯೂ ಈ ಎರಡನೆಯ ಬಗೆಯದು. ಅದು ಹೇಗೆ ಇಳಿಯಿತೆಂಬ ಕಥೆ ದೊಡ್ಡದು, ಅಮೆರಿಕದಿಂದ ಆರಂಭಿಸಬೇಕು.

ಕೆಂಪು ಪಟ್ಟೆಯ ಈ ಆಮೆಯ ತವರು ಅಮೆರಿಕದ ಮಿಸಿಸಿಪಿ ನದಿಯ ಕಣಿವೆ. ಅಲ್ಲಿನ ಲೂಸಿಯಾನ ಪ್ರಾಂತ್ಯದಲ್ಲಿ ಕೋಳಿ ಫಾರಂನಂತೆ ಆಮೆ ಫಾರಂಗಳು ಎದ್ದವು. ಮರಿ ಅಗ್ಗವಾಯಿತು, ಮನೆಮನೆಗೆ ಹೋಯಿತು. ಅದರ ಹಿಂದೆಯೇ ಸಾಲ್ಮೊನೆಲ್ಲಾ ಎಂಬ ಕರುಳು ಬೇನೆಯೂ ಹೋಯಿತು. 1970ರ ಆಸುಪಾಸಿನಲ್ಲಿ ಆಮೆಯಿಂದ ಈ ಬೇನೆ ತಗುಲಿದವರು ಆ ದೇಶದಲ್ಲಿ ವರ್ಷಕ್ಕೆ ಸುಮಾರು 2.8 ಲಕ್ಷ ಎಂದು ಅಲ್ಲಿನ ಆರೋಗ್ಯ ಇಲಾಖೆಯೇ ಅಂದಾಜು ಮಾಡಿತು. ಹೆಚ್ಚಿನವರು ಮಕ್ಕಳು. 1975ರಲ್ಲಿ ಅಮೆರಿಕ ಸರಕಾರ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಯನ್ನು ಸಾಕುವುದಕ್ಕಾಗಿ ಮಾರಕೂಡದೆಂದು ನಿಷೇಧಿಸಿತು. ನಾಲ್ಕು ಅಂಗುಲವೇ ಏಕೆ? ಅದಕ್ಕಿಂತ ಚಿಕ್ಕದಾದರೆ ಮಗು ಬಾಯಿಗೆ ಹಾಕಿಕೊಳ್ಳುತ್ತದೆ.

ಇಲ್ಲಿ ಬಂಡವಾಳದ ಬುದ್ಧಿಯನ್ನು ಗಮನಿಸಬೇಕು. ತನ್ನ ದೇಶದ ಮಗುವಿನ ಬಾಯಿಗೆ ಹೋಗಬಾರದ ವಸ್ತು ಬೇರೆ ದೇಶದ ಮಗುವಿನ ಕೈಗೆ ಹೋಗಬಹುದು ಎಂದಾಯಿತು. ಫಾರಂಗಳು ಮುಚ್ಚಲಿಲ್ಲ, ಮರಿಗಳು ಹಡಗು, ವಿಮಾನ ಹತ್ತಿದವು. 1989ರಿಂದ 1997ರ ಒಳಗೆ 5.2 ಕೋಟಿಗೂ ಹೆಚ್ಚು ಮರಿಗಳು ಅಮೆರಿಕದಿಂದ ಹೊರದೇಶಗಳಿಗೆ ರಫ್ತಾದವು. 1997ರಲ್ಲಿ ಯೂರೋಪಿನ ಒಕ್ಕೂಟ ಆಮದು ನಿಲ್ಲಿಸಿತು. ಆಗ ಏಷ್ಯಾದ ಪೇಟೆ ಉಳಿಯಿತು. ಚೀನಾ ತಾನೇ ಫಾರಂ ಮಾಡುವುದನ್ನು ಕಲಿಯಿತು. ಸರಕು ತುಂಬಿ ತುಳುಕಿತು, ಬೆಲೆ ಇಳಿಯಿತು. ಒಂದು ಕಡೆ ಕದ ಮುಚ್ಚಿದಂತೆಲ್ಲಾ ಸರಕು ಕದವಿಲ್ಲದ ಕಡೆಗೆ ಹರಿಯಿತು. ಈ ಆಮೆಯ ಮರಿಗಳನ್ನು ಸೂಟ್‌ಕೇಸಿನಲ್ಲಿ ತುಂಬಿ ಆಗ್ನೇಯ ಏಷ್ಯಾದಿಂದ ತಂದವರು ಚೆನ್ನೈ, ತಿರುಚಿನಾಪಳ್ಳಿ ವಿಮಾನ ನಿಲ್ದಾಣಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದ್ದಾರೆ. ಸಿಕ್ಕ ಮರಿಗಳ ಲೆಕ್ಕ ಸಾವಿರಗಳಲ್ಲಿ.

ಚೀನಾದಲ್ಲಿಯೇ ಇನ್ನೊಂದು ಪಾಠವುಂಟು. ಅಲ್ಲಿ 'ಚಿನ್ನದ ನಾಣ್ಯದ ಆಮೆ' ಎಂದು ಕರೆಯುವ ಜಾತಿ ಔಷಧಕ್ಕೂ ಅದೃಷ್ಟಕ್ಕೂ ಆಗುತ್ತದೆಂಬ ನಂಬಿಕೆಯಿಂದ ಚಿನ್ನಕ್ಕಿಂತ ತುಟ್ಟಿಯಾಯಿತು. ಇಂಥ ಜಾತಿಗಳ ಮರಿ ಮಾಡಿದರೆ ಸಿರಿವಂತರಾಗಬಹುದೆಂದು ದಕ್ಷಿಣ ಚೀನಾದ ಸಾಮಾನ್ಯ ಸಂಸಾರಗಳೂ ಉಳಿತಾಯದ ದುಡ್ಡು ಹಾಕಿದವು. ಮರಿಯನ್ನು ಕೊಂಡವರು ಯಾರು? ಮತ್ತೆ ಮರಿ ಮಾಡುವ ಆಸೆಯವರೇ. ಹೊಸ ಆಸೆಗಾರ ಬರುವವರೆಗೆ ಬೆಲೆ ಏರಿತು. ಅವನು ಬರುವುದು ನಿಂತಾಗ ಬಿತ್ತು. ಮೊದಲು ಮಾರಿದವನು ಗೆದ್ದ, ಕೊನೆಗೆ ಕೊಂಡವನು ಮುಳುಗಿದ.

ಇದನ್ನು ಓದಿ ನಗುವ ಮೊದಲು ನಮ್ಮ ಮನೆಯ ಕಡೆ ನೋಡಿಕೊಳ್ಳೋಣ. 2003ರ ಸುಮಾರಿಗೆ ವೆನಿಲಾ ಬಳ್ಳಿಯ ಹಸಿ ಕೋಡು ಕಿಲೋಗೆ ಸಾವಿರಗಳಲ್ಲಿ ಮಾರಿದಾಗ ಮಲೆನಾಡಿನ ರೈತರು ರಾತ್ರಿಯೆಲ್ಲಾ ತೋಟ ಕಾದರು. ಕೆಲವೇ ವರ್ಷಗಳಲ್ಲಿ ಅದೇ ಬಳ್ಳಿಯನ್ನು ಕಿತ್ತೆಸೆದರು. ತಮಿಳುನಾಡಿನ ಪೆರುಂದುರೈ ಕಡೆ ಎಮು ಹಕ್ಕಿ ಸಾಕಿದರೆ ತಿಂಗಳ ಸಂಬಳ ಎಂದು ನಂಬಿ ಠೇವಣಿ ಇಟ್ಟವರು 2012ರಲ್ಲಿ ಬೀದಿಗೆ ಬಂದರು. ಹಕ್ಕಿಗಳು ಮೇವಿಲ್ಲದೆ ಸತ್ತವು. ಬೆಲೆಗೆ ಕಾರಣ ಉಪಯೋಗವಲ್ಲ, ಮುಂದಿನ ಗಿರಾಕಿಯ ಆಸೆ ಎಂದಾದಾಗ ಆ ಬೆಲೆಗೆ ತಳವಿರುವುದಿಲ್ಲ. ನಮ್ಮ ಪೇಟೆಯ ಸಣ್ಣ ವ್ಯಾಪಾರಿಗಳು ಇದನ್ನು ಮನಸ್ಸಿನಲ್ಲಿಡಬೇಕು. ತೇಜಿಯಲ್ಲಿ ದೊಡ್ಡ ಕುಳ ಮಾರಿ ಹೊರಬಿದ್ದಿರುತ್ತಾನೆ. ಮಂದಿಯಲ್ಲಿ ತೊಟ್ಟಿ ತುಂಬಾ ಸರಕಿಟ್ಟುಕೊಂಡು ಕೂರುವವನು ಸಾಲ ಮಾಡಿ ಅಂಗಡಿ ಹಾಕಿದವನು.

ಇನ್ನು ನಮ್ಮ ಸ್ವಂತ ಆಮೆಯ ಮಾತಿಗೆ ಬರೋಣ. ಕೋಲಾರ, ಚಿತ್ತೂರು, ಅನಂತಪುರ ಸೀಮೆಯ ಒಣ ಕುರುಚಲು ಕಾಡು ನಕ್ಷತ್ರ ಆಮೆಯ ನೆಲ. ಕಪ್ಪು ಚಿಪ್ಪಿನ ಮೇಲೆ ಹಳದಿ ಕಿರಣಗಳು ನಕ್ಷತ್ರದಂತೆ ಹರಡಿರುತ್ತವೆ. ನೀರಿನದಲ್ಲ, ನೆಲದ್ದು. ಮೊದಲ ಮಳೆ ಬಿದ್ದಾಗ ಪೊದೆಯಿಂದ ಹೊರಗೆ ಬಂದು ಹುಲ್ಲು, ಕಳ್ಳಿಹಣ್ಣು ತಿನ್ನುತ್ತದೆ. ಇಡುವ ಮೊಟ್ಟೆ ಬೆರಳೆಣಿಕೆಯಷ್ಟು. ಮರಿ ಬೆಳೆದು ತಾನು ಮೊಟ್ಟೆ ಇಡುವ ಹೊತ್ತಿಗೆ ಎಷ್ಟೋ ವರ್ಷ ಕಳೆದಿರುತ್ತದೆ. ಕೋಳಿಯಂತೆ ಹೆಚ್ಚುವ ಪ್ರಾಣಿಯಲ್ಲ ಅದು. ಕುರಿ ಮೇಯಿಸುವವರೂ ಸೌದೆಗೆ ಹೋಗುವವರೂ ಅದನ್ನು ಅಜ್ಜನ ಕಾಲದಿಂದ ಕಂಡವರು. ಕಂಡರೆ ದಾಟಿ ಹೋಗುತ್ತಿದ್ದರು. ಅದಕ್ಕೆ ಬೆಲೆಯಿರಲಿಲ್ಲ, ಆದ್ದರಿಂದ ಅದು ಬದುಕಿತ್ತು.

ಬೆಲೆ ಕಟ್ಟಿದವರು ದೂರದವರು. ಬ್ಯಾಂಕಾಕ್, ಕ್ವಾಲಾಲಂಪುರ ಮುಂತಾದ ಕಡೆ ಸಿರಿವಂತರಿಗೆ ಈ ಚಿಪ್ಪು ಬೇಕಾಯಿತು. ನಮ್ಮ ಮುಳಬಾಗಿಲಿನ ಮೇಲೆ ಹಾದು ಚೆನ್ನೈಗೆ ಹೋಗುವ ಹೆದ್ದಾರಿ ಮಾವು, ಟೊಮೇಟೋ ಸಾಗಿಸುವುದಕ್ಕಷ್ಟೇ ಇರುವುದಲ್ಲವೆಂಬುದು ಕಳ್ಳಸಾಗಣೆಯವರಿಗೆ ಚೆನ್ನಾಗಿ ಗೊತ್ತು. ಆಂಧ್ರಪ್ರದೇಶದ ಒಂದೇ ಒಂದು ವ್ಯಾಪಾರದ ನೆಲೆಯಿಂದ ಒಂದು ವರ್ಷದಲ್ಲಿ ಕಡಿಮೆಯೆಂದರೆ 55,000 ನಕ್ಷತ್ರ ಆಮೆಗಳನ್ನು ಕಾಡಿನಿಂದ ಎತ್ತಲಾಗುತ್ತಿದೆಯೆಂದು 2015ರಲ್ಲಿ ಪ್ರಕಟವಾದ ಸಂಶೋಧನೆ ಹೇಳಿತು. ಕಾಲಿಗೆ ಟೇಪು ಸುತ್ತಿ, ಬಟ್ಟೆಯ ನಡುವೆ ಅಡುಕಿ, ಪೆಟ್ಟಿಗೆಯಲ್ಲಿ ತುರುಕಿ ಕಳಿಸುತ್ತಾರೆ. ದಾರಿಯಲ್ಲಿ ಸತ್ತದ್ದು ಸತ್ತಿತು, ಉಳಿದದ್ದರಲ್ಲಿ ಲಾಭ.

ಈ ಕಡೆಯಿಂದಲೂ ಬೆಲೆಯ ಲೆಕ್ಕವನ್ನು ನೋಡಬೇಕು. ಬೇರೆ ದೇಶಗಳಲ್ಲಿ ಇದೇ ಆಮೆಯ ಮರಿಗಳನ್ನು ಸಾಕಿ ಬೆಳೆಸಿ ಮಾರುವವರು ಹೆಚ್ಚಾದಂತೆ ಪೇಟೆಯಲ್ಲಿ ಬೆಲೆ ಇಳಿಯುತ್ತದೆ. ಅಲ್ಲಿಗೆ ಕಾಡಿನಿಂದ ಕದಿಯುವುದು ನಿಲ್ಲಬೇಕಲ್ಲವೇ ಎಂದು ತಿಳಿದವರು ಕೇಳುತ್ತಾರೆ. ಕಾಗದದ ಮೇಲೆ ನಿಲ್ಲಬೇಕು. ಆದರೆ ಮರಿ ಸಾಕಲು ಮೇವು, ಜಾಗ, ವರ್ಷಗಟ್ಟಲೆ ಕಾಯುವ ತಾಳ್ಮೆ ಬೇಕು. ಕಾಡಿನ ಆಮೆಗೆ ಎತ್ತಿಕೊಂಡು ಬರುವ ಬಡವನ ಎರಡು ಕೈ ಸಾಕು. ಬೆಲೆ ಇಳಿದರೆ ಕಳ್ಳಸಾಗಣೆಯವನು ಹತ್ತರ ಜಾಗದಲ್ಲಿ ನೂರು ಕಳಿಸಿ ಲಾಭ ಸರಿತೂಗಿಸಿಕೊಳ್ಳುತ್ತಾನೆ. ಕಾಡಿನಿಂದ ಕದ್ದದ್ದಕ್ಕೆ 'ಸಾಕಿದ್ದು' ಎಂಬ ಕಾಗದ ಅಂಟಿಸುವವರೂ ಇದ್ದಾರೆ. ಇಳಿದ ಬೆಲೆಯ ಪೆಟ್ಟನ್ನು ಕೆಳಗೆ, ಇನ್ನೂ ಕೆಳಗೆ ತಳ್ಳುತ್ತಾ ಹೋಗಿ ಕೊನೆಗೆ ಪೊದೆಯಲ್ಲಿ ಕೈಹಾಕಿದ ಕೂಲಿಯವನ ಮೇಲೆ ಇಳಿಸುತ್ತಾರೆ. ಮೊದಲೇ ಕೊನೆಯ ಬೆಲೆಯ ಅತಿ ಚಿಕ್ಕ ಚೂರು ಅವನದು, ಅದೂ ಸವೆಯುತ್ತದೆ.

ಬೆಲೆ ಕೆಳಗಿಳಿಯುವ ಹೊತ್ತಿಗೆ ದಂಡನೆ ಮೇಲೇರಿತು. 2019ರಲ್ಲಿ ಜಿನೀವಾದಲ್ಲಿ ಸೇರಿದ ರಾಷ್ಟ್ರಗಳ ಸಭೆಯಲ್ಲಿ ಭಾರತವೂ ಸೇರಿ ಮಂಡಿಸಿದ ಸೂಚನೆಯಂತೆ ನಕ್ಷತ್ರ ಆಮೆಯ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಅತ್ಯಂತ ಕಠಿಣ ನಿಷೇಧ ಬಂತು. 1972ರ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ನಾಲ್ಕನೆಯ ಪಟ್ಟಿಯಲ್ಲಿದ್ದ ಈ ಆಮೆ 2022ರ ತಿದ್ದುಪಡಿಯಿಂದ ಹುಲಿ, ಆನೆಗಳ ಸಾಲಿನ ಮೊದಲನೆಯ ಪಟ್ಟಿಗೆ ಏರಿತು. ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮೊದಲನೆಯ ಪಟ್ಟಿಯ ಪ್ರಾಣಿಯ ವಿಷಯದಲ್ಲಿ ತಪ್ಪು ಸಾಬೀತಾದರೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷದವರೆಗಿನ ಜೈಲು. 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ.

ಕಾಯಿದೆಯನ್ನು ನಾವು ವಿರೋಧಿಸುವುದಿಲ್ಲ. ಕಾಡಿನ ಆಮೆ ಯಾರೊಬ್ಬನ ಆಸ್ತಿಯೂ ಅಲ್ಲ. ಅದನ್ನು ಕಾಯುವುದು ಸರಕಾರದ ಕೆಲಸವೇ. ನಮ್ಮ ತಕರಾರು ಬೇರೆ. ಈ ದಂಡನೆ ಬೀಳುವುದು ಯಾರ ತಲೆಯ ಮೇಲೆ? ಚೀಲ ಹೊತ್ತವನು ಸಿಗುತ್ತಾನೆ. ಚೀಲಕ್ಕೆ ದುಡ್ಡು ಕೊಟ್ಟವನು ಸಿಗುವುದು ಅಪರೂಪ. ಟಿಕೆಟ್ ಕೊಡಿಸಿ ಸೂಟ್‌ಕೇಸ್ ಹೊರಿಸಿದ ಕೂಲಿ ಪ್ರಯಾಣಿಕ ವಿಮಾನ ನಿಲ್ದಾಣದಲ್ಲಿ ಸಿಗುತ್ತಾನೆ. ಟಿಕೆಟ್ ಕೊಡಿಸಿದ ಸಾಹುಕಾರ ಮುಂದಿನ ವಾರ ಇನ್ನೊಬ್ಬನನ್ನು ಹುಡುಕಿಕೊಳ್ಳುತ್ತಾನೆ. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿದ ಹಾಗೆ. ಮೂರು ವರ್ಷದ ಜೈಲು ಸಾಹುಕಾರನಿಗೆ ವ್ಯಾಪಾರದ ನಷ್ಟ. ಗುಡ್ಡದ ಹಳ್ಳಿಯ ಕೂಲಿಯವನಿಗೆ ಸಂಸಾರದ ಸರ್ವನಾಶ.

ಇನ್ನೂ ಒಂದು ತಾರತಮ್ಯವನ್ನು ಓದುಗರು ಗಮನಿಸಬೇಕು. ಹೊರದೇಶದ ಬೆಲೆಬಾಳುವ ಗಿಳಿ, ಉಡ, ಆಮೆಗಳನ್ನು ಯಾವ ಕಾಗದವೂ ಇಲ್ಲದೆ ಸಾಕಿಕೊಂಡಿದ್ದವರಿಗೆ ಕೇಂದ್ರ ಸರಕಾರ 2020ರ ಜೂನ್‌ನಲ್ಲಿ ಒಂದು ಅವಕಾಶ ಕೊಟ್ಟಿತು. ಆರು ತಿಂಗಳೊಳಗೆ ತಾವಾಗಿಯೇ ಘೋಷಿಸಿದರೆ ಎಲ್ಲಿಂದ ಬಂತೆಂಬ ದಾಖಲೆ ಕೇಳುವುದಿಲ್ಲ ಎಂದಿತು. ಹೊರದೇಶದ ಪ್ರಾಣಿಗೂ ನಮ್ಮ ಕಾಡಿನ ಪ್ರಾಣಿಗೂ ಕಾಯಿದೆ ಬೇರೆ ಬೇರೆ ಎಂಬುದನ್ನು ನಾವು ಬಲ್ಲೆವು. ಆದರೆ ತಪ್ಪು ಒಪ್ಪಿಕೊಳ್ಳಲು ಕಾಲಾವಕಾಶ ಎಂಬ ಉದಾರತೆ ಬಂಗಲೆಯ ಬಾಗಿಲವರೆಗೆ ಮಾತ್ರ ಏಕೆ ನಡೆಯಿತು? ಅದೃಷ್ಟ ಬರುತ್ತದೆಂದು ಯಾರೋ ಹೇಳಿದ ಮಾತು ಕೇಳಿ ಮನೆಯ ಮೂಲೆಯಲ್ಲಿ ಒಂದು ನಕ್ಷತ್ರ ಆಮೆ ಇಟ್ಟುಕೊಂಡಿರುವ ಸಾಮಾನ್ಯನು ಅದನ್ನು ಭಯವಿಲ್ಲದೆ ಒಪ್ಪಿಸುವ ದಾರಿ ಯಾವುದು? ದಾರಿ ಕಾಣದಿದ್ದಾಗ ಅವನು ಏನು ಮಾಡುತ್ತಾನೆ? ರಾತ್ರಿ ಹೊತ್ತು ಯಾವುದಾದರೂ ಕೆರೆಗೆ ಎಸೆದು ಬರುತ್ತಾನೆ. ನೆಲದ ಆಮೆಗೆ ಕೆರೆಯ ನೀರೇ ಮೃತ್ಯು.

ಕೆರೆಯ ಮಾತು ಬಂತು. ಮತ್ತೆ ಆ ಕೆಂಪು ಪಟ್ಟೆಯ ಆಮೆಗೆ ಹೋಗೋಣ. ಅಂಗಡಿಯಲ್ಲಿ ಅಂಗೈಯಲ್ಲಿ ಹಿಡಿಯುವ ಮರಿ ಕೆಲವು ವರ್ಷಗಳಲ್ಲಿ ಊಟದ ತಟ್ಟೆಯಷ್ಟಾಗುತ್ತದೆ. ಇಪ್ಪತ್ತು, ಮೂವತ್ತು ವರ್ಷ ಬದುಕುತ್ತದೆ. ಮಾರುವವನು ಇದನ್ನು ಹೇಳುವುದಿಲ್ಲ. ವಠಾರದ ಒಂದು ಕೋಣೆಯ ಮನೆಯಲ್ಲಿ ಅದಕ್ಕೆ ತೊಟ್ಟಿ ಎಲ್ಲಿಂದ ಬರಬೇಕು? ದಿನವೂ ನೀರು ಬದಲಿಸಬೇಕು. ಎಂಟು ದಿನಕ್ಕೊಮ್ಮೆ ನಲ್ಲಿ ನೀರು ಬರುವ ಬೀದಿಯಲ್ಲಿ ಅದು ಸಾಧ್ಯವೇ? ಕೊಳ್ಳುವಾಗ ಅಗ್ಗವಾದದ್ದು ಸಾಕುವಾಗ ತುಟ್ಟಿಯಾಗುತ್ತದೆ. ಕೊನೆಗೆ ಅದೂ ಕೆರೆಗೆ ಹೋಗುತ್ತದೆ. ಅದು ನೀರಿನ ಆಮೆ; ಸಾಯುವುದಿಲ್ಲ. ನಮ್ಮ ಕೆರೆಗಳ ಸ್ವಂತ ಆಮೆಯ ಮೇವು, ಬಿಸಿಲು ಕಾಯುವ ಕಲ್ಲು, ಮೊಟ್ಟೆಯ ಜಾಗವನ್ನು ಕಸಿದುಕೊಂಡು ನಿಲ್ಲುತ್ತದೆ. ಲೋಕದ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. 2018ರಲ್ಲಿ ಅಸ್ಸಾಮಿನ ಗುವಾಹಟಿಯ ದೇವಾಲಯದ ಕೊಳದಲ್ಲಿಯೂ ಅದು ಸಿಕ್ಕಿತು.

ಕೋಲಾರದವರಿಗೆ ಇದು ದೂರದ ಸುದ್ದಿಯಲ್ಲ. ಒಣಗಿ ಬಿರುಕು ಬಿಟ್ಟಿದ್ದ ನಮ್ಮ ಕೆರೆಗಳಿಗೆ ಕೋರಮಂಗಲ-ಚಲ್ಲಘಟ್ಟ ಯೋಜನೆಯ ನೀರು 2018ರಲ್ಲಿ ನರಸಾಪುರದ ಕಡೆಯಿಂದ ಹರಿದು ಬಂತು. ಆ ನೀರಿನ ಶುದ್ಧತೆಯ ಬಗ್ಗೆ ಜಿಲ್ಲೆಯ ಜನ ಹೋರಾಡಿದ್ದಾರೆ. ಆ ಹೋರಾಟ ನ್ಯಾಯವಾದದ್ದು. ಏನೇ ಇರಲಿ, ನೂರಕ್ಕೂ ಹೆಚ್ಚು ಕೆರೆಗಳು ಸಾಲಾಗಿ, ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಈ ಯೋಜನೆಗೆ ಸೇರಿವೆ. ಒಂದು ಕೆರೆಗೆ ಎಸೆದದ್ದು ಒಂದು ಕೆರೆಯಲ್ಲಿ ಉಳಿಯುವುದಿಲ್ಲ. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಪಡೆದವರು ಬೆಂಗಳೂರು ಆಡಿ ಬಿಟ್ಟ ಆಮೆಯನ್ನೂ ಪಡೆಯಬೇಕೇ? ಆ ಕೆರೆಗಳಲ್ಲಿ ಮೀನು ಹಿಡಿದು ಬದುಕುವವರನ್ನು ಯಾರಾದರೂ ಕೇಳಿದ್ದಾರೆಯೇ?

ಈಗ ಆ ವ್ಯಾಪಾರಿ ಮಿತ್ರರ ಪ್ರಶ್ನೆಗೆ ನಮ್ಮ ಉತ್ತರ ಸ್ಪಷ್ಟವಾಗಿರಬೇಕು. ಬಡವನ ಮಗು ಆಡಬಾರದೆಂದು ನಾವು ಹೇಳುವುದಿಲ್ಲ. ಆ ಮಗುವಿಗೆ ಆಟದ ಬಯಲು ಬೇಕು, ಪುಸ್ತಕ ಬೇಕು, ಈಜಲು ಶುದ್ಧವಾದ ಕೆರೆ ಬೇಕು. ಸಿರಿವಂತನಿಗೆ ಬೇಸರವಾಗಿ ಬಿಟ್ಟ ಷೋಕಿ ಅಗ್ಗವಾಗಿ ಕೆಳಗೆ ಬೀಳುವುದನ್ನು ಸಮಾನತೆ ಎಂದು ಕರೆಯಲಾಗದು. ಅವನು ಮಾಡಿದ ಕಸವನ್ನು ಹಂಚಿಕೊಳ್ಳುವುದಷ್ಟೇ ಅದು.

ನ್ಯಾಯ ಮಾಡುವ ಮನಸ್ಸಿದ್ದರೆ ದಾರಿಯಿದೆ ಎನ್ನುವುದಕ್ಕೆ ಒಂದು ದೃಷ್ಟಾಂತವುಂಟು. ಸಿಂಗಪುರದಲ್ಲಿ ಸಿಕ್ಕ 51 ನಕ್ಷತ್ರ ಆಮೆಗಳನ್ನು 2018ರ ನವೆಂಬರ್‌ನಲ್ಲಿ ವಿಮಾನದಲ್ಲಿ ಕರ್ನಾಟಕಕ್ಕೆ ಮರಳಿ ತಂದರು. ಕಾಡಿಗೆ ಬಿಡುವುದಕ್ಕಾಗಿ ಅರಣ್ಯ ಇಲಾಖೆ ಅವನ್ನು ಬರಮಾಡಿಕೊಂಡಿತು. ಸಂತೋಷ. ಆದರೆ ಕದ್ದ ಸಾವಿರಗಳಲ್ಲಿ ಮರಳಿದ್ದು 51. ಮತ್ತು ಮರಳಿ ಬಂದ ಆಮೆಗೆ ಬೇಕಾದ ನೆಲ ಉಳಿದಿದೆಯೇ? ಕುರುಚಲು ಗುಡ್ಡವನ್ನು 'ಪಾಳು' ಎಂದು ಬರೆದು ನೀಲಗಿರಿ ನೆಟ್ಟವರು ಯಾರು? ಟೇಕಲ್ ಕಡೆ ಬಂಡೆಗಳಿಗೆ ಮದ್ದಿಟ್ಟು ಗುಡ್ಡವನ್ನೇ ಲಾರಿಗೆ ತುಂಬುವವರು ಯಾರು? ಒಂದು ಆಮೆ ಎತ್ತಿದವನಿಗೆ ಮೂರು ವರ್ಷ. ಆಮೆಯ ಗುಡ್ಡವನ್ನೇ ಎತ್ತಿದವನಿಗೆ ಪರವಾನಗಿ!

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಒಂದು: ಪ್ರತಿಯೊಂದು ಆಮೆ ಪ್ರಕರಣದಲ್ಲಿಯೂ ತನಿಖೆ ಚೀಲ ಹೊತ್ತವನಲ್ಲಿ ನಿಲ್ಲದೆ, ದುಡ್ಡು ಕೊಟ್ಟವನ ತನಕ ಹೋಗಬೇಕು. ಎರಡು: ಮನೆಯಲ್ಲಿ ಒಂದೆರಡು ನಕ್ಷತ್ರ ಆಮೆ ಇಟ್ಟುಕೊಂಡಿರುವವರು ಮೊಕದ್ದಮೆಯ ಭಯವಿಲ್ಲದೆ ಒಪ್ಪಿಸಲು ಸರಕಾರ ಒಂದು ಅವಧಿ ಗೊತ್ತುಪಡಿಸಬೇಕು, ಅದನ್ನು ಕನ್ನಡ, ತೆಲುಗು, ತಮಿಳಿನಲ್ಲಿ ಹಳ್ಳಿಹಳ್ಳಿಗೆ ಸಾರಬೇಕು. ಮೂರು: ಹೊರದೇಶದ ಆಮೆಯನ್ನು ಕೆರೆಗೆ ಎಸೆಯದೆ ತಂದೊಪ್ಪಿಸಲು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಒಂದೊಂದು ಜಾಗ ಮಾಡಬೇಕು. ನಾಲ್ಕು: ಆಮೆ ಎಷ್ಟು ದೊಡ್ಡದಾಗುತ್ತದೆ, ಎಷ್ಟು ವರ್ಷ ಬದುಕುತ್ತದೆ, ಮುಟ್ಟಿದ ಕೈ ಏಕೆ ತೊಳೆಯಬೇಕು ಎಂಬುದನ್ನು ಅಂಗಡಿಯಲ್ಲಿ ಬರೆದು ತೂಗುಹಾಕುವ ನಿಯಮವಾಗಬೇಕು, ಆಮದು ಮಾಡುವ ದೊಡ್ಡ ಕುಳವನ್ನು ಬಿಟ್ಟು ಸಣ್ಣ ಅಂಗಡಿಯವನನ್ನು ಕಾಡಕೂಡದು. ಐದು: ಗುಡ್ಡದಂಚಿನ ಹಳ್ಳಿಗಳವರಿಗೇ ಕಾಡು ಕಾಯುವ ಕೆಲಸವನ್ನು ಸರಿಯಾದ ಕೂಲಿಗೆ ಕೊಡಬೇಕು. ಆಮೆ ಎಲ್ಲಿದೆಯೆಂದು ಬಲ್ಲವನೇ ಅದನ್ನು ಚೆನ್ನಾಗಿ ಕಾಯಬಲ್ಲ.

ಓದುಗ ಬಂಧುಗಳಲ್ಲಿಯೂ ಒಂದು ಕೋರಿಕೆ. ಆಮೆಯಿಂದ ಅದೃಷ್ಟ ಎಂದು ಹೇಳಿಕೊಂಡು ಬಾಗಿಲಿಗೆ ಬರುವವನನ್ನು ನಂಬಬೇಡಿ. ನಮ್ಮ ಗಡಿಯ ತಮಿಳು ಬಾಂಧವರ ಬಾಯಲ್ಲಿ ಒಂದು ಹಳೆಯ ಗಾದೆಯಿದೆ: ಆಮೆ ಹೊಕ್ಕ ಮನೆಯೂ ಅಮೀನ ಹೊಕ್ಕ ಮನೆಯೂ ಉದ್ಧಾರವಾಗುವುದಿಲ್ಲ ಎಂದು. ಆಮೆಯನ್ನು ಹಳಿಯುವ ಮಾತಾಗಿ ಅದು ಸುಳ್ಳು. ಪಾಪದ ಪ್ರಾಣಿ ಯಾರ ಮನೆಗೂ ತಾನಾಗಿ ಬಂದು ಕೆಡಿಸಿದ್ದಿಲ್ಲ. ಆದರೆ ಇಂದಿನ ಕಾಯಿದೆಯ ಕಾಲದಲ್ಲಿ ಅದೇ ಮಾತು ಬೇರೆ ರೀತಿಯಲ್ಲಿ ನಿಜವಾಗಿದೆ. ಕದ್ದು ತಂದ ಆಮೆ ಒಂದು ಬಾಗಿಲಿನಿಂದ ಬಂದರೆ ಅದರ ಹಿಂದೆಯೇ ಅಮೀನನೂ ಬರುತ್ತಾನೆ. ಅವನು ಮೊದಲು ತಟ್ಟುವುದು ಬಡವನ ಬಾಗಿಲನ್ನು.

ಆಮೆ ಗುಡ್ಡದಲ್ಲಿರಲಿ. ಅಮೀನ ಸಾಹುಕಾರನ ಮನೆಗೆ ಹೋಗಲಿ.